ಲೋಟದ ಅಡಿಯ ಕೆಂಪು ಚುಕ್ಕೆ

ಶ್ರಾವ್ಯಾ, ಚಿರಂತಾ,

ಇದು ನಿಮ್ಮಿಬ್ಬರಿಗೆ ಬರೆಯುತ್ತಿರುವುದು. ನಿಮ್ಮ ಅಪ್ಪನಿಗಲ್ಲ, ಅಮ್ಮನಿಗಲ್ಲ. ನಾನು ಊರ ಶಾಲೆಯಲ್ಲಿ ಏಳನೆಯ ತನಕ ಕಲಿತವಳು. ಅಕ್ಷರ ದುಂಡಗಿದೆ ಎಂದು ಮಾಸ್ಟ್ರು ಹೊಗಳುತ್ತಿದ್ದರು, ಮಾತು ಮಾತ್ರ ಬಾಯಿಂದ ಹೊರಡುತ್ತಿರಲಿಲ್ಲ. ಈಗಲೂ ಹೊರಡುವುದಿಲ್ಲ. ನಾಲ್ಕು ಜನರ ಎದುರು ಹೇಳಬೇಕಾದದ್ದು ನನಗೆ ಆ ನಾಲ್ಕು ಜನ ಎದ್ದು ಹೋದ ಮೇಲೆ ನಾಲಿಗೆಗೆ ಬರುತ್ತದೆ. ಹಾಗಾಗಿ ಶ್ರಾವ್ಯಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿರುವ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಚಿರಂತಾ, ಕಳೆದ ಭಾನುವಾರ ನಡೆದದ್ದು ನಿನಗೆ ಮರೆತಿರಬಹುದು. ಕೊಕ್ಕರ್ಣೆಯಿಂದ ನಿನ್ನ ಅಮ್ಮಮ್ಮನ ಮನೆಯವರು ಬಂದಿದ್ದರು. ನೀನು ಅಂಗಳದಲ್ಲಿ ಆಡಿ ಓಡಿ ಬಂದೆ, ಕಿಟಕಿಯ ದಂಡೆಯ ಮೇಲಿದ್ದ ಲೋಟ ಎತ್ತಿ ಗಟಗಟ ನೀರು ಕುಡಿದೆ. ನಿನ್ನ ಅಮ್ಮ ಅಡುಗೆಮನೆಯಿಂದ ಬಂದವಳೇ ಲೋಟ ಕಿತ್ತುಕೊಂಡಳು. ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿದಳು.

"ಅದ್ ಅಜ್ಜಿ ಲೋಟ. ಅದ್ರಗ್ ಕುಡಿಯುಕಾಗ."

"ಎಂತಕೆ?"

"ಅಜ್ಜಿಗೆ ಅದೇ ರೂಢಿ. ನೀ ಹೋಗ್, ಕೈಕಾಲ್ ತೊಳ್ಕೊ."

ನೀನು ನನ್ನ ಮುಖ ನೋಡಿದೆ. ನಾನು ಸೆರಗಿನ ತುದಿ ನೋಡಿದೆ. ಬಂದವರೆಲ್ಲ ಬೇರೆ ಮಾತು ಎತ್ತಿಕೊಂಡರು. ನಿನ್ನ "ಎಂತಕೆ" ಮಾತ್ರ ಅಲ್ಲೇ ಉಳಿಯಿತು. ಅದಕ್ಕೆ ಉತ್ತರ ಇದು.

ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಷ್ಟು ತಾಳ್ಮೆ ನಿಮಗೆ ಇಲ್ಲದಿದ್ದರೂ ಇಷ್ಟಾದರೂ ಗೊತ್ತಿರಲಿ. ನನಗೆ ಬಂದ ಕಾಯಿಲೆ ನಿಮಗೆ ಅಂಟುವಂಥದ್ದಾಗಿರಲಿಲ್ಲ. ಯಾವತ್ತೂ ಆಗಿರಲಿಲ್ಲ. ನಿಮ್ಮನ್ನು ಎರಡು ಶಾಲಾ ವರ್ಷ ನನ್ನಿಂದ ದೂರ ಇಟ್ಟದ್ದು ಕಾರಣವೇ ಇಲ್ಲದೆ.

ಕೆಮ್ಮು ಯಾವಾಗ ಶುರುವಾಯಿತು ಎಂದು ಡಾಕ್ಟರುಗಳು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಯಾಕೆಂದರೆ ನಾನು ಕೆಮ್ಮುತ್ತಲೇ ಇರಲಿಲ್ಲ, ನುಂಗುತ್ತಿದ್ದೆ. ನಿಮ್ಮ ಅಜ್ಜ ತೀರಿಹೋದಾಗ ನಿಮ್ಮ ಅಪ್ಪನಿಗೆ ಆರು ವರ್ಷ. ಅದಾಗಿ ಮೂರು ತಿಂಗಳಿಗೆ ನಾನು ಕುಂದಾಪುರದ ಹತ್ತಿರದ ಒಂದು ಗೇರುಬೀಜದ ಫ್ಯಾಕ್ಟರಿಗೆ ಸೇರಿದೆ. ಮೂವತ್ತು ವರ್ಷ ಹಾಲಾಡಿಯಿಂದ ಬೆಳಿಗ್ಗೆಯ ಬಸ್ಸು, ಸಂಜೆಯ ಬಸ್ಸು. ಒಣಗಿಸಿದ ಬೀಜದ ಮೇಲಿನ ಕೆಂಪು ಸಿಪ್ಪೆ ಉಗುರಿನಿಂದ ಎಬ್ಬಿಸುವುದು, ಬಿಳಿಯದು, ಹಳದಿ ಬಡಿದದ್ದು, ಸುಟ್ಟದ್ದು, ತುಂಡಾದದ್ದು ಎಂದು ಬೇರೆ ಮಾಡುವುದು. ಉದ್ದನೆಯ ಹಾಲ್‌ನಲ್ಲಿ ಸಾಲಾಗಿ ಹೆಂಗಸರು. ತಲೆಗೆ ಬಟ್ಟೆ. ಎದುರಿಗೆ ರಾಶಿ. ಬೀಜದ ಮೇಲೆ ಕೆಮ್ಮುವಂತಿಲ್ಲ, ಸೀನುವಂತಿಲ್ಲ. ಮೇಸ್ತ್ರಿ ಹೆಂಗಸಿಗೆ ಆ ಸದ್ದು ಹಾಲ್‌ನ ಆ ತುದಿಯಿಂದ ಕೇಳುತ್ತಿತ್ತು.

"ಯಾರದ್ ಅದ್? ಕೆಮ್ಮುವರ್ ಹೊರಗ್ ಹೋಯ್ನಿ. ಊರಿಗೆಲ್ಲ ಹಂಚುದ್ ಬ್ಯಾಡ."

ಎಲ್ಲರೂ ತಿರುಗಿ ನೋಡುತ್ತಿದ್ದರು. ಎದ್ದು, ಸಾಲಿನ ನಡುವೆ ಸೀರೆ ಎತ್ತಿ ಹಿಡಿದು ದಾಟಿ ಹೊರಗೆ ಹೋಗುವುದು ನನಗೆ ಸಾವಿನಷ್ಟು ಕಷ್ಟ. ಹಾಗಾಗಿ ಗಂಟಲಿಗೆ ಬಂದದ್ದನ್ನು ಗಂಟಲಲ್ಲೇ ತಡೆದು ನುಂಗುವುದು ಕಲಿತೆ. ತುಟಿ ಮುಚ್ಚಿ, ಕಣ್ಣಲ್ಲಿ ನೀರು ತುಂಬಿ, ಭುಜ ಅಲ್ಲಾಡದ ಹಾಗೆ. ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗಿರಿಜ ನೋಡಿ ನಗುತ್ತಿದ್ದಳು. "ನಿನ್ನ್ ಹೊಟ್ಟಿ ಒಳ್ಗ್ ಒಂದ್ ಕೊಡ ಕೆಮ್ಮ ಇತ್ ಮಾರಾಯ್ತಿ" ಎನ್ನುತ್ತಿದ್ದಳು.

ಫ್ಯಾಕ್ಟರಿ ಬಿಟ್ಟು ಮನೆಯಲ್ಲಿ ಕೂತ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಆಗ ನಿಮ್ಮ ಅಪ್ಪನ ಹೋಟೆಲ್ ಹಾಲಾಡಿ ಪೇಟೆಯಲ್ಲಿ ಶುರುವಾಗಿ ಚೆನ್ನಾಗಿ ನಡೆಯುತ್ತಿತ್ತು. ಬನ್ಸಿನ ಹಿಟ್ಟು ನಾನು ಮನೆಯಲ್ಲಿ ಕಲಸಿ ಕೊಡುತ್ತಿದ್ದೆ. ಬಾಳೆಹಣ್ಣು ಎಷ್ಟು ಕಳಿತಿರಬೇಕು, ಹಿಟ್ಟು ಎಷ್ಟು ಹೊತ್ತು ಕೂರಬೇಕು ಎನ್ನುವುದು ನನ್ನ ಕೈಗೆ ಗೊತ್ತಿತ್ತು. ಶ್ರಾವ್ಯಾ, ನೀನು ಪಕ್ಕದಲ್ಲಿ ಕೂತು ಹಿಟ್ಟಿನ ಚೂರಿನಲ್ಲಿ ಹಕ್ಕಿ ಮಾಡುತ್ತಿದ್ದೆ. ಚಿರಂತ ನನ್ನ ಮಡಿಲಲ್ಲಿ ಮಲಗಿ ನಿದ್ದೆ ಹೋಗುತ್ತಿದ್ದ. ಆ ವರ್ಷ ಕುಪ್ಪಸಗಳೆಲ್ಲ ಸಡಿಲವಾದವು. ಸಂಜೆಯಾದರೆ ಮೈ ಬೆಚ್ಚಗೆ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಉಗುಳಿದಾಗ ಕಫದಲ್ಲಿ ಕೆಂಪು ಎಳೆ ಕಂಡಿತು. ನೀರು ಹೊಯ್ದು ಕಳೆದೆ. ಮರುದಿನವೂ ಕಂಡಿತು. ಮೂರನೆಯ ದಿನ ನಿಮ್ಮ ಅಮ್ಮ ನೋಡಿದಳು.

ಅವತ್ತೇ ನಿಮ್ಮ ಅಪ್ಪ ನನ್ನನ್ನು ಕುಂದಾಪುರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಎಕ್ಸ್‌ರೇ ತೆಗೆದರು. ಬೆಂಚಿನ ಮೇಲೆ ಕಾಯುತ್ತಾ ಕೂತಾಗ ನಾನು ಒಮ್ಮೆ, ತಡೆಯಲಾಗದೆ, ಕೆಮ್ಮಿದೆ. ಪಕ್ಕದಲ್ಲಿದ್ದ ಗರ್ಭಿಣಿ ಹುಡುಗಿಯನ್ನು ಅವಳ ತಾಯಿ ಮೊಣಕೈ ಹಿಡಿದು ಎಬ್ಬಿಸಿ ಆಚೆ ಬೆಂಚಿಗೆ ಕರೆದುಕೊಂಡು ಹೋದಳು. ಅವಳದ್ದು ತಪ್ಪು ಎನ್ನುವುದಿಲ್ಲ. ಆದರೆ ನಾನು ಕೂತ ಬೆಂಚು ಆಮೇಲೆ ಖಾಲಿಯಾಗಿಯೇ ಉಳಿಯಿತು, ಜನ ನಿಂತುಕೊಂಡಿದ್ದರು.

ಡಾಕ್ಟರು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫವನ್ನು ಅದರಲ್ಲಿ ಹಾಕಿ ತರಲು ಹೇಳಿದರು. ಎರಡು ದಿನ, ಎರಡು ಡಬ್ಬಿ.

ಈಗ ಬರೆಯುವುದನ್ನು ಇಲ್ಲಿಯ ತನಕ ಮನೆಯ ಯಾರಿಗೂ ಹೇಳಿಲ್ಲ.

ಬೆಳಿಗ್ಗೆ ಕಫ ಬಂತು. ಡಬ್ಬಿಗೆ ಹಾಕಿದೆ. ನೋಡಿದರೆ ಹಸಿರು ಹಳದಿ, ನಡುವೆ ರಕ್ತದ ಎಳೆ. ಡಬ್ಬಿಯೋ, ಪಾರದರ್ಶಕ. ಬೆಳಿಗ್ಗೆ ನಿಮ್ಮ ಅಪ್ಪನಿಗೆ ಹೋಟೆಲಿನ ಕೆಲಸ, ಅದನ್ನು ಕೈಯಲ್ಲಿ ಹಿಡಿದು ನಾನೇ ಬಸ್ಸಿನಲ್ಲಿ ಕೂರಬೇಕು. ಬಸ್ಸಿನಲ್ಲಿ ಗುರುತಿನವರು ಇರುತ್ತಾರೆ, ಕವರಿನಲ್ಲಿ ಎಂತ ಎಂದು ಕೇಳದೆ ಬಿಡುವವರಲ್ಲ. ಲ್ಯಾಬಿನ ಕಿಟಕಿಯಲ್ಲಿ ಕೂತವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಜನ್ಮವಿಡೀ ಬಿಳಿ ಬೀಜ ಮಾತ್ರ ಆರಿಸಿ ಮೇಲಿನ ತಟ್ಟೆಗೆ ಹಾಕಿದ ಕೈ ನನ್ನದು. ಇಂಥದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು ಹೇಗೆ? ನಾನು ಅದನ್ನು ಚೆಲ್ಲಿದೆ. ಡಬ್ಬಿ ತೊಳೆದೆ. ಬಾಯಿ ಮುಕ್ಕಳಿಸಿ, ತಿಳಿಯಾದ ಎಂಜಲು ಉಗುಳಿ ಮುಚ್ಚಳ ಹಾಕಿದೆ. ಎರಡನೆಯ ದಿನವೂ ಹಾಗೇ ಮಾಡಿದೆ.

ಎರಡು ರಿಪೋರ್ಟೂ ಏನೂ ಇಲ್ಲ ಎಂದು ಬಂದವು. ಡಾಕ್ಟರು ಎಕ್ಸ್‌ರೇಯಲ್ಲಿ ಕಂಡ ಕಲೆಯನ್ನೇ ನಂಬಿ ಟಿಬಿ ಎಂದು ತೀರ್ಮಾನ ಮಾಡಿದರು. ಅವರನ್ನು ಹೇಗೆ ದೂರಲಿ? ಅವರಿಗೆ ನಾನು ಕೊಟ್ಟದ್ದು ನನ್ನ ಎಂಜಲು.

ಮನೆಗೆ ಬಂದಾಗ ಸಂಜೆ. ನಿಮ್ಮ ಅಪ್ಪ ಚಾವಡಿಯಲ್ಲಿ ಶರ್ಟು ಕೂಡ ಬಿಚ್ಚದೆ ಕೂತ.

"ಅಮ್ಮ, ಯಾರಾದ್ರೂ ಕೇಂಡ್ರೆ ದಮ್ಮು ಅಂದೇಳಿ. ಆ ಹೆಸ್ರ್ ಹೇಳುಕಾಗ. ಹೋಟ್ಲಿಗ್ ಒಂದ್ ನಾಯಿ ಸಾ ಬತ್ತಿಲ್ಲೆ ಮತ್ತೆ."

ನಿಮ್ಮ ಅಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅತ್ತೆ, ಬನ್ಸಿನ್ ಹಿಟ್ಟ್ ನಾನೇ ಕಲಸ್ತೆ ಇನ್ಮೇಲೆ. ನೀವ್ ಒಳ್ಗ್ ಬಪ್ಪುದ್ ಬ್ಯಾಡ."

ನಾನು ಆಯಿತು ಅಂದೆ.

ಮರುದಿನ ನನ್ನ ತಟ್ಟೆ, ಲೋಟ, ಚಮಚ ಬೇರೆಯಾದವು. ಉಳಿದ ಪಾತ್ರೆಗೆ ಸೇರಿ ಹೋಗದ ಹಾಗೆ ನಿಮ್ಮ ಅಮ್ಮ ತನ್ನ ಉಗುರಿಗೆ ಹಚ್ಚುವ ಬಣ್ಣದಿಂದ ಒಂದೊಂದರ ಅಡಿಗೂ ಒಂದು ಕೆಂಪು ಚುಕ್ಕೆ ಇಟ್ಟಳು. ತುಂಬಾ ಅಚ್ಚುಕಟ್ಟಾಗಿ ಇಟ್ಟಳು, ಕುಂಕುಮ ಇಟ್ಟ ಹಾಗೆ. ನಾನು ಹಣೆಗೆ ಕುಂಕುಮ ಬಿಟ್ಟು ಮೂವತ್ತಕ್ಕೂ ಹೆಚ್ಚು ವರ್ಷ ಆಗಿತ್ತು.

ಆ ವಾರವೇ ನಿಮ್ಮಿಬ್ಬರನ್ನು ಕೊಕ್ಕರ್ಣೆಗೆ ಕಳಿಸಿದರು. ಶಾಲೆ ಶುರುವಾಗುವ ಮೊದಲೇ ಅಲ್ಲಿಯ ಶಾಲೆಗೆ ಸೇರಿಸುವ ವ್ಯವಸ್ಥೆ ಆಯಿತು. ಶ್ರಾವ್ಯಾ, ನೀನು ಅಳುತ್ತಾ ಕಾರು ಹತ್ತಿದೆ. ನಾನು ಬಾಗಿಲ ಒಳಗೆ ನಿಂತು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈ ಎತ್ತಿದೆ. ಹತ್ತಿರ ಬರಲಿಲ್ಲ ಎಂದು ನಿನಗೆ ಸಿಟ್ಟು ಬಂದಿತ್ತಂತೆ. ಆಮೇಲೆ ಎರಡು ತಿಂಗಳು ನೀನು ಫೋನಿನಲ್ಲಿ ನನ್ನ ಹತ್ತಿರ ಮಾತಾಡಲಿಲ್ಲ.

ಗುಳಿಗೆ ನುಂಗಿದೆ. ಮೂತ್ರ ಕಿತ್ತಳೆ ಬಣ್ಣ, ಬೆವರೂ ಬಣ್ಣ. ಗಂಜಿ ಬಿಟ್ಟು ಏನೂ ನಿಲ್ಲುತ್ತಿರಲಿಲ್ಲ. ಗಂಜಿ ನಿಮ್ಮ ಅಮ್ಮನೇ ತಂದು ಬಾಗಿಲಲ್ಲಿ ಇಡುತ್ತಿದ್ದಳು, ಉಪ್ಪಿನಕಾಯಿ ರಸ ಬೇರೆ, ಒಂದು ದಿನವೂ ತಪ್ಪಿಸಲಿಲ್ಲ. ವಾಂತಿಯಾದ ಸೀರೆಗಳನ್ನು ಒಗೆದವಳೂ ಅವಳೇ. ಇದನ್ನು ಬರೆಯದಿದ್ದರೆ ನನ್ನ ಬರಹ ಸುಳ್ಳಾಗುತ್ತದೆ. ಅವಳ ಚಿಕ್ಕಪ್ಪ ಒಬ್ಬರು ಟಿಬಿಯಲ್ಲಿ ಸತ್ತದ್ದನ್ನು ಅವಳು ಸಣ್ಣವಳಿದ್ದಾಗ ನೋಡಿದ್ದಳು. ಅವರ ತಟ್ಟೆಯನ್ನು ಕೋಲಿನಲ್ಲಿ ದೂಡಿ ಕೊಡುತ್ತಿದ್ದರಂತೆ. ನನಗೆ ಕೋಲು ಬರಲಿಲ್ಲ, ಕೈಯಲ್ಲೇ ಇಟ್ಟಳು. ಅಷ್ಟು ಅವಳ ದೊಡ್ಡತನ. ಆದರೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ಅತ್ತೆ, ಗಂಜಿ" ಎಂದು ಕೂಗುವ ಆ ಸ್ವರ ಇನ್ನೂ ನನ್ನ ಕಿವಿಯಲ್ಲಿದೆ.

ಬೇರೆ ಯಾರೂ ಬರಲಿಲ್ಲ. ದಮ್ಮು ಎಂದು ಹೇಳಿದ್ದರೂ ಊರಿಗೆ ಹೇಗೋ ಗೊತ್ತಾಗಿತ್ತು. ಗಿರಿಜ ಒಬ್ಬಳು ಬಂದಳು, ಅದೂ ಅಂಗಳದ ಆಚೆಯಿಂದಲೇ ಕೂಗುತ್ತಾ.

"ಹ್ವಾಯ್ ಲಚ್ಚಕ್ಕ! ಎಂತ ಮಾರಾಯ್ತಿ, ಹೊಸ ಮದಿಮಗಳ್ ಕಣೆಗೆ ಕೋಣಿ ಒಳ್ಗ್ ಕೂಕಂಡಿದ್ದೆ?"

"ಹತ್ರ ಬರ್ಬೇಡ ಗಿರಿಜ."

"ಬಂದಾಯ್ತಲೆ. ಬಿಸ್ಲಿಗ್ ಗಂಟ್ಲ್ ಒಣ್ಗಿತ್. ಕೊಡ್ ಇತ್ಲಾಗ್ ಆ ಲೋಟ."

"ಬ್ಯಾಡ, ಅದ್ ನನ್ನ್ ಲೋಟ."

"ನಿನ್ನ್ ಲೋಟ ಅಂದ್ರೆ ಎಂತ, ಬೆಳ್ಳಿದಾ?" ಅವಳು ಎತ್ತಿ ಕುಡಿದೇಬಿಟ್ಟಳು. ಬಾಯಿ ಒರೆಸಿಕೊಂಡು ಲೋಟವನ್ನು ತಿರುಗಿಸಿ ಅಡಿ ನೋಡಿದಳು. ಚುಕ್ಕೆಯನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದಳು. "ಮೂವತ್ ವರ್ಷ ಒಂದೇ ಬುತ್ತಿಗ್ ಕೈ ಹಾಕ್ದೋರ್ ನಾವ್. ನಿನ್ನ್ ರೋಗ ಬಪ್ಪುದಾದ್ರೆ ಅಂದೇ ಬಂದ್ ನನ್ನ್ ಕೊಂದಿರ್ತಿತ್. ನನ್ನ್ ಗಂಡನ್ನೇ ತಡ್ಕಂಡವ್ಳ್ ನಾನ್, ಇದ್ ಯಾವ ಲೆಕ್ಕ?"

ನಾನು ನಕ್ಕೆ. ನಗುವಾಗ ಕೆಮ್ಮು ಬಂತು, ನುಂಗಿದೆ. ಅವಳು ನೋಡಿದಳು. "ಈಗ ಯಾವ್ ಮೇಸ್ತ್ರಿ ಇತ್ ಇಲ್ಲಿ?" ಎಂದು ಕೇಳಿದಳು.

ಆರು ತಿಂಗಳಾದರೂ ಜ್ವರ ಬಿಡಲಿಲ್ಲ. ಮೂಳೆ ಎಣಿಸಬಹುದಾಗಿತ್ತು. ರಕ್ತ ಹೆಚ್ಚಾಯಿತು. ಆಗ ನರ್ಸಿಂಗ್ ಹೋಮಿನ ಡಾಕ್ಟರೇ ಚೀಟಿ ಬರೆದು ಉಡುಪಿ ಕಡೆಯ ಒಂದು ದೊಡ್ಡಾಸ್ಪತ್ರೆಗೆ ಕಳಿಸಿದರು. ನಿಮ್ಮ ಅಪ್ಪ ಮಾಸ್ಕು ಹಾಕಿಕೊಂಡೇ ಕಾರು ಓಡಿಸಿದ. ಕಿಟಕಿ ನಾಲ್ಕೂ ತೆರೆದಿದ್ದವು. ಗಾಳಿಗೆ ನನಗೆ ಚಳಿಯಾಗುತ್ತಿತ್ತು, ಮುಚ್ಚಲು ಹೇಳಲಿಲ್ಲ.

ಅಲ್ಲಿ ಒಬ್ಬಳು ನರ್ಸು ನನ್ನನ್ನು ಸಣ್ಣ ಕೋಣೆಯಲ್ಲಿ ಕೂರಿಸಿ, ಉಪ್ಪುನೀರಿನ ಹಬೆ ಬರುವ ಮಾಸ್ಕು ಮುಖಕ್ಕೆ ಇಟ್ಟಳು. ಕೈಗೆ ಅದೇ ಪಾರದರ್ಶಕ ಡಬ್ಬಿ. ಅದನ್ನು ನೋಡಿದ್ದೇ ನನಗೆ ಅಳು ಬಂತು. ಅವಳು ಬಾಗಿಲು ಹಾಕಿ ಬಂದು ಏನಾಯಿತು ಎಂದು ಕೇಳಿದಳು. ಗುರುತಿಲ್ಲದವಳು, ನಾಳೆ ಎದುರಿಗೆ ಸಿಗದವಳು. ಹೇಳಿಬಿಟ್ಟೆ. ಚೆಲ್ಲಿದ್ದು, ತೊಳೆದದ್ದು, ಎಂಜಲು ಕೊಟ್ಟದ್ದು, ಮನೆಯಲ್ಲಿ ತಟ್ಟೆ ಲೋಟ ಬೇರೆಯಾದದ್ದು, ಎಲ್ಲ.

ಅವಳು ಬೈಯಲಿಲ್ಲ. "ಅಮ್ಮಾ, ಚಂದದ್ದು ನಮಗೆ ಯಾಕೆ? ನಮಗೆ ಆ ಗಲೀಜೇ ಬೇಕು" ಅಂದಳು. "ಇಲ್ಲಿ ಯಾರೂ ಇಲ್ಲ. ಜೋರಾಗಿ ಕೆಮ್ಮಿ. ಗೋಡೆ ಬೀಳಲಿ."

ಕೆಮ್ಮಿದೆ. ನನ್ನ ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಬಾಯಿ ತೆರೆದು, ಮೈಯೆಲ್ಲ ಅಲ್ಲಾಡುವ ಹಾಗೆ ಕೆಮ್ಮಿದೆ. ಪ್ರಾಣಿಯ ಕೂಗಿನ ಹಾಗಿತ್ತು ಆ ಸದ್ದು. ಬಂದದ್ದನ್ನು ಅವಳು ಬೆಳಕಿಗೆ ಹಿಡಿದು ನೋಡಿ, "ಇದು ಒಳ್ಳೆ ಸ್ಯಾಂಪಲ್" ಅಂದಳು. ಯಾವತ್ತಾದರೂ ಯಾರಾದರೂ ನನ್ನನ್ನು ಹೊಗಳಿದ್ದರೆ ಅದು ನನ್ನ ಮಾಸ್ಟ್ರು, ಆಮೇಲೆ ಈ ನರ್ಸು.

ಅದರಲ್ಲಿದ್ದ ರೋಗಾಣು ಲ್ಯಾಬಿನಲ್ಲಿ ಬೆಳೆದು ಉತ್ತರ ಬರಲು ವಾರಗಟ್ಟಲೆ ಬೇಕಾಯಿತು. ಉತ್ತರ ಹೇಳುವ ದಿನ ನಿಮ್ಮ ಅಪ್ಪನೂ ಅಮ್ಮನೂ ಬಂದಿದ್ದರು. ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು, ಬಯಲುಸೀಮೆಯವರು. ನಮ್ಮ ಮಾತು ಅವರಿಗೆ ಅರ್ಧ ಅರ್ಥವಾಗುತ್ತಿತ್ತು. ನಿಧಾನವಾಗಿ ಹೇಳಿದರು.

"ಇದು ಟಿಬಿ ಅಲ್ಲ. ಮಣ್ಣಲ್ಲಿ, ನೀರಲ್ಲಿ ಇರುವ ಬೇರೆ ರೋಗಾಣು. ಎಲ್ಲರ ಮೂಗಿಗೂ ಹೋಗುತ್ತದೆ, ಕೆಲವರಲ್ಲಿ ಮಾತ್ರ ಕೂರುತ್ತದೆ. ಇದಕ್ಕೆ ಎನ್‌ಟಿಎಂ ಅಂತೀವಿ. ಟಿಬಿಯ ದಾಯಾದಿ ಅಂತ ಇಟ್ಟುಕೊಳ್ಳಿ. ಅದೇ ಕುಲ, ಬೇರೆ ಮನೆ. ಆದರೆ ಇದು ಇವರಿಂದ ನಿಮಗೆ ಬರುವುದಿಲ್ಲ. ಮಕ್ಕಳಿಗೂ ಬರುವುದಿಲ್ಲ."

ನಿಮ್ಮ ಅಪ್ಪ ಮಾಸ್ಕು ಕೆಳಗೆ ಎಳೆದುಕೊಂಡ. ಎಲ್ಲಿಂದ ಬಂತು ಎಂದು ಅವನು ಕೇಳಿದ. ಹೇಳಲಾಗದು ಎಂದರು. ಫ್ಯಾಕ್ಟರಿಯ ಹಬೆಯೋ, ಬಾವಿಯ ನೀರೋ, ಹಿತ್ತಲ ಮಣ್ಣೋ. ಕಫ ಹೊರಗೆ ಹಾಕದೆ ನುಂಗುತ್ತಾ ಇದ್ದರೆ ಒಳಗೆ ಉಳಿದದ್ದು ಇಂಥದ್ದಕ್ಕೆ ಮನೆ ಮಾಡಿಕೊಡುವುದುಂಟು, ಅಷ್ಟೇ ಕಾರಣ ಎಂದಲ್ಲ ಎಂದರು. ಆ ಮಾತು ನನಗೆ ಮಾತ್ರ ತಾಗಿತು.

ನಾನು ಜನ್ಮದಲ್ಲಿ ಒಂದು ಧೈರ್ಯದ ಕೆಲಸ ಮಾಡಿದ್ದರೆ ಅದು ಆಗ. "ಅದನ್ನ್ ಕನ್ನಡದಾಗ್ ಒಂದ್ ಚೀಟಿಗ್ ಬರ್ದ್ ಕೊಡ್ತ್ರಾ?" ಎಂದು ಕೇಳಿದೆ. ಅವರು ನಕ್ಕು, ಆಸ್ಪತ್ರೆಯ ಹಾಳೆಯಲ್ಲಿ ತಮ್ಮ ಕೈಯಲ್ಲೇ ಬರೆದರು: ಈ ಕಾಯಿಲೆ ಮನೆಯವರಿಗೆ ಹರಡುವುದಿಲ್ಲ, ಇವರು ಮಕ್ಕಳ ಜೊತೆ ಇರಬಹುದು, ಊಟ ಮಾಡಬಹುದು, ಮಲಗಬಹುದು. ಕೆಳಗೆ ಸಹಿ. ಬರೆಯುತ್ತಾ ತಲೆ ಎತ್ತದೆ ಇನ್ನೊಂದು ಮಾತು ಸೇರಿಸಿದರು. "ಟಿಬಿಯೇ ಆಗಿದ್ದರೂ ತಟ್ಟೆ ಲೋಟ ಬೇರೆ ಇಡಬೇಕಾಗಿರಲಿಲ್ಲ. ಅದು ಗಾಳಿಯಲ್ಲಿ ಬರುವುದು, ಲೋಟದಲ್ಲಲ್ಲ."

ನಿಮ್ಮ ಅಮ್ಮ ಮುಖ ಬೇರೆ ಕಡೆ ಮಾಡಿದಳು.

ಮನೆಗೆ ಹೋಗುವಾಗ ನಾಳೆಯೇ ನಿಮ್ಮನ್ನು ಕರೆತರುತ್ತಾರೆ ಎಂದು ನಾನು ಮನಸ್ಸಿನಲ್ಲೇ ಬನ್ಸಿಗೆ ಬಾಳೆಹಣ್ಣು ಆರಿಸಿಟ್ಟೆ. ಸಂಜೆ ಚಾವಡಿಯಲ್ಲಿ ನಿಮ್ಮ ಅಪ್ಪ ಆ ಮಾತು ಎತ್ತಿದ್ದು ನನ್ನ ಕೋಣೆಗೆ ಕೇಳಿಸಿತು.

"ಬತ್ತಿಲ್ಲೆ ಅಂದ್ರಲೆ ಡಾಕ್ಟ್ರ್. ಮಕ್ಳನ್ ಕರ್ಕ ಬಪ್ಪನಾ?"

"ದಾಯಾದಿ ಅಂದೂ ಅವ್ರೇ ಹೇಳ್ದ್ರ್" ಅಂದಳು ನಿಮ್ಮ ಅಮ್ಮ. "ದಾಯಾದಿ ಮನಿಗ್ ಸೂತಕ ಇಲ್ದೇ ಇರತ್ತಾ? ಅಲ್ಲ್ ಯಾರಾದ್ರೂ ಸತ್ರೆ ಇಲ್ಲ್ ನಾವ್ ಸಾ ಮುಟ್ಟುಕಾಗ. ಡಾಕ್ಟ್ರಿಗ್ ಎಂತ, ಅವ್ರ್ ಹೇಳಿ ಹೋತ್ರ್. ಮಕ್ಳ್ ನಮ್ದ್. ಕಫ ಶುದ್ಧ ಆಯ್ಲಿ, ಮತ್ತೆ ಕಾಂಬ."

ಅವನು ಚಪ್ಪಲಿ ಮೆಟ್ಟಿ ಹೋಟೆಲಿಗೆ ಹೊರಟ ಸದ್ದು ಕೇಳಿತು.

ಅರ್ಥವಾಯಿತಾ ಮಕ್ಕಳೇ? ಆ ಪುಣ್ಯಾತ್ಗಿತ್ತಿ ಡಾಕ್ಟರು ನಮಗೆ ತಿಳಿಯಲಿ ಎಂದು, ಹೆದರಿಕೆ ಹೋಗಲಿ ಎಂದು ಹುಡುಕಿ ಒಂದು ಹೋಲಿಕೆ ಕೊಟ್ಟರು. ನಮ್ಮ ಕಡೆ ದಾಯಾದಿ ಮನೆಯವರು ವರ್ಷಗಟ್ಟಲೆ ಮುಖ ನೋಡದಿದ್ದರೂ ಒಬ್ಬರು ಸತ್ತರೆ ಎಲ್ಲರೂ ಸೂತಕ ಹಿಡಿಯಬೇಕು ಎನ್ನುವುದು ಅವರಿಗೆ ಹೊಳೆದಿರಲಿಕ್ಕಿಲ್ಲ. ನನಗೆ ಬಾರದ ರೋಗಕ್ಕೆ ನಾನು ಸೂತಕ ಹಿಡಿದೆ. ಸೂತಕಕ್ಕಾದರೆ ಹತ್ತು ದಿನ. ನನ್ನದಕ್ಕೆ ಲೆಕ್ಕವೇ ಇರಲಿಲ್ಲ.

ಎದ್ದು ಹೋಗಿ ಚೀಟಿ ತೋರಿಸಿ, "ಓದ್, ಇಲ್ಲ್ ಎಂತ ಬರ್ದಿತ್ ಕಾಣ್" ಎಂದು ಹೇಳಬೇಕಿತ್ತು. ಚೀಟಿ ನನ್ನ ದಿಂಬಿನ ಅಡಿಯಲ್ಲೇ ಇತ್ತು. ನಾನು ಏಳಲಿಲ್ಲ. ಏಳದಿರಲು ಇನ್ನೊಂದು ಕಾರಣವೂ ಇತ್ತು. ಮೊದಲನೆಯ ಡಬ್ಬಿಗೆ ನಾನು ಸರಿಯಾದದ್ದು ಹಾಕಿದ್ದರೆ ನಿಮ್ಮನ್ನು ಕಳಿಸುವ ಮೊದಲೇ ಇದು ಗೊತ್ತಾಗುತ್ತಿತ್ತೋ ಏನೋ. ಆ ಲೆಕ್ಕದಲ್ಲಿ ನಾನೂ ಪಾಲುಗಾರ್ತಿ. ಬಾಯಿ ತೆರೆದರೆ ಅದೂ ಹೊರಗೆ ಬರುತ್ತದೆ ಎಂದು ಹೆದರಿದೆ. ಕೆಮ್ಮು ನುಂಗಿದ ಹಾಗೆ ಅದನ್ನೂ ನುಂಗಿದೆ.

ಹೊಸ ಗುಳಿಗೆ ಶುರುವಾದವು. ಒಂದೂವರೆ ವರ್ಷಕ್ಕಿಂತ ಹೆಚ್ಚು. ಅದರಲ್ಲಿ ಒಂದು, ನುಂಗಿದ ಅರ್ಧ ಗಂಟೆಗೆ ಬಾಯಿಯೆಲ್ಲ ಕಹಿ ಮಾಡುತ್ತಿತ್ತು. ಹಾಲೂ ಕಹಿ, ನೀರೂ ಕಹಿ. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕಾಯುವಾಗ ಬೈಂದೂರಿನ ಒಬ್ಬ ಹೆಂಗಸು ಸಿಗುತ್ತಿದ್ದಳು, ಅವಳಿಗೂ ಇದೇ ಕಾಯಿಲೆ. ನನಗಿಂತ ಒಂದು ವರ್ಷ ಮುಂದೆ ಇದ್ದಳು. ಅವಳು ಸೆರಗಿನ ಗಂಟು ಬಿಚ್ಚಿ ಒಣಗಿದ ಪುನರ್ಪುಳಿ ಸಿಪ್ಪೆ ಕೊಟ್ಟಳು. "ಇದ್ ಬಾಯಿಗ್ ಹಾಯ್ಕಣಿ. ಕಹಿ ಹೋತಿಲ್ಲೆ, ಆರೆ ಮರ್ತ್ ಹೋತ್." ಅವಳ ಹೆಸರು ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಇಡೀ ಲೋಕದಲ್ಲಿ ಇದು ಇರುವುದು ನನಗೊಬ್ಬಳಿಗೇ ಅಲ್ಲ ಎಂದು ಗೊತ್ತಾದ ದಿನ ಅದು. ಮನೆಗೆ ಬರುವ ತನಕ ಹುಳಿಯನ್ನು ಚೀಪುತ್ತಾ ಬಂದೆ.

ಇನ್ನೊಂದು ಗುಳಿಗೆ ಕಣ್ಣಿಗೆ ತೊಂದರೆ ಮಾಡಬಹುದು, ಬಣ್ಣ ಮಂಕಾದರೆ ಕೂಡಲೇ ಬನ್ನಿ ಎಂದು ಹೇಳಿ ಕಳಿಸಿದ್ದರು. ದಿನಾ ಒಂದೇ ವಸ್ತು ನೋಡಿ ಪರೀಕ್ಷೆ ಮಾಡಿಕೊಳ್ಳಿ ಎಂದರು. ನನ್ನ ಕೋಣೆಯಲ್ಲಿ ಅಚ್ಚ ಕೆಂಪು ಎಂದರೆ ಒಂದೇ ಇತ್ತು. ಬೆಳಿಗ್ಗೆ ನೀರು ಕುಡಿದು ಲೋಟ ತಿರುಗಿಸಿ ಚುಕ್ಕೆ ನೋಡುತ್ತಿದ್ದೆ. ಐದನೆಯ ತಿಂಗಳಲ್ಲಿ ಒಂದು ದಿನ ಅದು ಕೆಂಪಾಗಿ ಕಾಣಲಿಲ್ಲ. ಒಣಗಿದ ರಕ್ತದ ಹಾಗೆ, ಕಂದು. ಕಣ್ಣಿನ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು ಇದರಲ್ಲಿ ಯಾವ ಅಂಕಿ ಎಂದು ಕೇಳಿದರು. ಹಳದಿ ಬಡಿದ ಬೀಜವನ್ನು ಬಿಳಿಯದರಿಂದ ಒಂದು ನೋಟಕ್ಕೆ ಬೇರೆ ಮಾಡುತ್ತಿದ್ದ ಕಣ್ಣು ನನ್ನದು. ನನಗೆ ಅಂಕಿ ಕಾಣಲಿಲ್ಲ. ಆ ಗುಳಿಗೆ ಬಿಡಿಸಿ ಬೇರೆ ಕೊಟ್ಟರು. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ಬಣ್ಣ ನಿಧಾನವಾಗಿ ತಿರುಗಿ ಬಂತು, ಪೂರ್ತಿ ಅಲ್ಲ. ನಿಮ್ಮ ಅಮ್ಮ ಇಟ್ಟ ಆ ಚುಕ್ಕೆಯಿಂದ ನನಗಾದ ಉಪಕಾರ ಅದು. ಆ ಋಣ ನನ್ನ ಮೇಲೆ ಇದೆ.

ಕಫ ಶುದ್ಧವಾಯಿತು ಎಂದು ರಿಪೋರ್ಟು ಬರುವಷ್ಟರಲ್ಲಿ ಮುಂದಿನ ವರ್ಷದ ಶಾಲೆ ಶುರುವಾಗಿತ್ತು. ನಡುವೆ ಬಿಡಿಸುವುದು ಬೇಡ ಎಂದರು. ಇನ್ನೊಂದು ವರ್ಷ. ಭಾನುವಾರದ ಫೋನಿನಲ್ಲಿ, ಚಿರಂತಾ, ನೀನು ಕೇಳುತ್ತಿದ್ದೆ: "ಅಜ್ಜಿ, ನಿಮ್ ಹುಳ ಸತ್ತಾ?" ಸತ್ತಿತ್ ಮಗ ಎಂದರೆ, "ಮತ್ತೆ ನಾ ಬಪ್ಪನಾ?" ನಾನು ಫೋನನ್ನು ನಿನ್ನ ಅಪ್ಪನಿಗೆ ಕೊಡುತ್ತಿದ್ದೆ.

ಕೊನೆಗೆ ನೀವು ಬಂದಿರಿ. ಶ್ರಾವ್ಯ ನನ್ನಷ್ಟು ಎತ್ತರವಾಗಿದ್ದಳು. ಚಿರಂತಾ, ನೀನು ಕಾರಿನಿಂದ ಇಳಿದು ಓಡಿ ಬಂದವನು ನನ್ನ ಬಾಗಿಲ ಹತ್ತಿರ ಗಕ್ಕನೆ ನಿಂತೆ. ಅಲ್ಲಿ ಗೆರೆ ಎಳೆದ ಹಾಗೆ. ನಾನು ಕೈ ಚಾಚಿದೆ. "ಇಲ್ಲ್ ತನ್ಕ ಸಾಕಲ್ದಾ ಅಜ್ಜಿ?" ಎಂದು ಕೇಳಿದೆ ನೀನು. ನಿನ್ನದೇನೂ ತಪ್ಪಿ‍ಲ್ಲ ಮಗ. ಎರಡು ವರ್ಷ ನಿನಗೆ ಹಾಗೆ ಕಲಿಸಿದ್ದರು, ನೀನು ಚೆನ್ನಾಗಿ ಕಲಿತಿದ್ದೆ. ನೀನು ನನ್ನ ಮಡಿಲಲ್ಲಿ ಮಲಗುವ ಪ್ರಾಯ ಆ ಎರಡು ವರ್ಷದಲ್ಲೇ ಮುಗಿದುಹೋಗಿತ್ತು. ಅದನ್ನು ಯಾವ ಆಸ್ಪತ್ರೆಯೂ ತಿರುಗಿ ಕೊಡಲಿಲ್ಲ.

ಗುಳಿಗೆ ನಿಂತು ಈಗ ಒಂದು ವರ್ಷ. ಆರು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ತಿರುಗಿ ಬರಬಹುದು ಎಂದು ಹೇಳಿದ್ದಾರೆ, ಬರದೆಯೂ ಇರಬಹುದು. ಮೆಟ್ಟಿಲು ಹತ್ತುತ್ತೇನೆ, ನಾಲ್ಕಕ್ಕೊಮ್ಮೆ ನಿಲ್ಲುತ್ತೇನೆ. ಬನ್ಸಿನ ಹಿಟ್ಟು ಕಲಸಲು ಯಾರೂ ಕರೆಯಲಿಲ್ಲ. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ನಿಮ್ಮ ಅಪ್ಪ ನನಗೊಂದು ಒಳ್ಳೆಯ ಕಂಬಳಿ ತಂದುಕೊಟ್ಟ, ಅವನಿಗೆ ಹೇಳಲು ಗೊತ್ತಿರುವುದು ಹಾಗೆ, ನನ್ನ ಮಗನಲ್ಲವಾ.

ಚುಕ್ಕೆ ಇನ್ನೂ ಇದೆ. ಸವೆದಾಗ ಒಮ್ಮೆ ಹೊಸದಾಗಿ ಹಚ್ಚಿದ್ದೂ ನನಗೆ ಗೊತ್ತು. ಅದನ್ನು ಕೆರೆದು ತೆಗೆಯಲು ನನಗೆ ಒಂದು ಗಳಿಗೆ ಸಾಕು. ಮೂವತ್ತು ವರ್ಷ ಬೀಜದ ಸಿಪ್ಪೆ ಎಬ್ಬಿಸಿದ ಉಗುರು ಇದು. ತೆಗೆಯಲಿಲ್ಲ. ಹಚ್ಚಿದವರು ತೆಗೆಯಲಿ ಎಂದು ಕಾದೆ. ಕಳೆದ ಭಾನುವಾರ ನಿನ್ನ ಕೈಯಿಂದ ಲೋಟ ಕಿತ್ತುಕೊಂಡಾಗ, ಚಿರಂತಾ, ಇನ್ನು ಕಾಯುವುದರಲ್ಲಿ ಅರ್ಥ ಇಲ್ಲ ಎಂದು ತಿಳಿಯಿತು.

ಇದನ್ನು ಓದಿ ನಿಮ್ಮ ಅಮ್ಮನ ಮೇಲೆ ಎಗರಬೇಡಿ. ಅವಳು ಹೆದರಿದಳು, ನಾನು ನಾಚಿದೆ. ಎರಡೂ ಸೇರಿ ನಿಮ್ಮ ಎರಡು ವರ್ಷ ತಿಂದವು. ನಿಮಗೆ ಹೇಳುವುದು ಇಷ್ಟೇ, ಕೆಮ್ಮು ಬಂದರೆ ಕೆಮ್ಮಿ. ಡಾಕ್ಟರು ಕೇಳಿದರೆ ಇದ್ದದ್ದು ಇದ್ದ ಹಾಗೆ ಡಬ್ಬಿಗೆ ಹಾಕಿ ಕೊಡಿ. ಬಸ್ಸಿನವರು ನೋಡಿದರೆ ನೋಡಲಿ.

ಇನ್ನೊಂದು ಇದೆ. ಶ್ರಾವ್ಯಾ, ನಾಳೆ ನಿನಗೆ ಗಂಡು ನೋಡುವ ಕಾಲ ಬರುತ್ತದೆ. ಆಗ ಯಾರೋ ಒಬ್ಬರು ಸ್ವರ ತಗ್ಗಿಸಿ, "ಇವ್ರ್ ಮನಿಯಂಗೆ ಅಜ್ಜಿಗ್ ಅದ್ ಇದ್ದಿತ್ತಂಬ್ರಲೆ" ಎಂದು ಕೇಳುತ್ತಾರೆ. ನಾನು ಇರುವುದಿಲ್ಲ, ಇದ್ದರೂ ನನಗೆ ಬಾಯಿ ಬರುವುದಿಲ್ಲ. ಡಾಕ್ಟರ ಚೀಟಿಯನ್ನು ಈ ಹಾಳೆಗಳ ನಡುವೆ ಮಡಚಿ ಇಟ್ಟಿದ್ದೇನೆ, ಸಹಿ ಇನ್ನೂ ಮಾಸಿಲ್ಲ. ದಮ್ಮು ಎಂದು ಹೇಳಬೇಡ. ಚೀಟಿ ತೆಗೆದು ಅವರ ಎದುರು ಗಟ್ಟಿಯಾಗಿ ಓದು. ಕೇಳಿ ಎದ್ದು ಹೋಗುವವರಾದರೆ ಹೋಗಲಿ.

ಈ ಹಾಳೆಗಳನ್ನು ನಿಮ್ಮ ಶಾಲೆಯ ಸರ್ಟಿಫಿಕೇಟು ಇಡುವ ಪ್ಲಾಸ್ಟಿಕ್ ಕವರಿನಲ್ಲಿ, ನೀರು ತಾಗದ ಹಾಗೆ, ಜೋಪಾನವಾಗಿ ಇಡಿ. ನಾನು ಹೋದ ಮೇಲೆ ನನ್ನ ಬಟ್ಟೆ, ಕಂಬಳಿ, ತಟ್ಟೆ, ಲೋಟ ಯಾರು ಏನು ಮಾಡಿದರೂ ತಡೆಯಬೇಡಿ. ಇದೊಂದನ್ನು ಬಿಡಬೇಡಿ.

ನಿಮ್ಮ ಅಜ್ಜಿ